ಸರ್ಕಾರದ ಬಾಯಿಂದಲೇ: ಹೆಲೆನ್ ಸುಜ್‌ಮನ್ ಕೇಳಿದ ಪ್ರಶ್ನೆಗಳು

ಸಭಿಕ ಬಂಧುಗಳೇ,

ನಮ್ಮ ವಿಧಾನಸಭೆಯ ಪ್ರಶ್ನೋತ್ತರದ ಹಾಳೆಗಳನ್ನು ನೋಡಿದವರಿಗೆ ಅವುಗಳ ರೂಪ ಪರಿಚಿತವೇ. ಎಡಗಡೆ ಸದಸ್ಯರ ಪ್ರಶ್ನೆ, ಅ, ಆ, ಇ ಎಂದು ಬಿಡಿಸಿಟ್ಟಿರುತ್ತದೆ. ಬಲಗಡೆ ಸಚಿವರ ಉತ್ತರ. “ಸರ್ಕಾರದ ಗಮನಕ್ಕೆ ಬಂದಿದೆಯೇ?” ಎಂದು ಕೇಳಿದರೆ “ಬಂದಿದೆ” ಎನ್ನುತ್ತಾರೆ, ಇಲ್ಲವೇ “ಬಂದಿರುವುದಿಲ್ಲ” ಎನ್ನುತ್ತಾರೆ. ಬಂದಿರುವುದಿಲ್ಲ ಎಂದಾದರೆ ಅದರ ಕೆಳಗಿನ ಪ್ರಶ್ನೆಗಳಿಗೆಲ್ಲ “ಉದ್ಭವಿಸುವುದಿಲ್ಲ” ಎಂಬ ಒಂದೇ ಪದ. ಸದನದಲ್ಲಿ ಗದ್ದಲವಾದ ದಿನ ಅದು ಟಿವಿಯಲ್ಲಿ ಬರುತ್ತದೆ, ಈ ಹಾಳೆಗಳು ಬರುವುದಿಲ್ಲ. ಆದರೆ ವಿರೋಧ ಪಕ್ಷದ ಒಬ್ಬ ಸದಸ್ಯ ಸರ್ಕಾರದ ಮೇಲೆ ಬೀರಬಹುದಾದ ನಿಜವಾದ ಒತ್ತಡ ಇರುವುದು ಈ ಹಾಳೆಗಳಲ್ಲೇ ಎಂಬುದು ನನ್ನ ನಂಬಿಕೆ. ಆ ನಂಬಿಕೆಗೆ ಆಧಾರವಾಗಿ ನಮ್ಮ ನಾಡಿನದಲ್ಲದ ಒಂದು ಉದಾಹರಣೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಹೆಲೆನ್ ಸುಜ್‌ಮನ್ ಹುಟ್ಟಿದ್ದು 1917ರಲ್ಲಿ, ದಕ್ಷಿಣ ಆಫ್ರಿಕದ ಜರ್ಮಿಸ್ಟನ್ ಎಂಬ ಗಣಿ ಪಟ್ಟಣದಲ್ಲಿ. ತಂದೆತಾಯಿ ಲಿಥುವೇನಿಯದಿಂದ ವಲಸೆ ಬಂದ ಯಹೂದಿಗಳು. ಅರ್ಥಶಾಸ್ತ್ರ ಓದಿದ ಆಕೆ ವಿಟ್ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಇತಿಹಾಸ ಕಲಿಸುತ್ತಿದ್ದರು. ಆಫ್ರಿಕನ್ ಕಾರ್ಮಿಕರ ನಗರ ವಲಸೆಯನ್ನು ಪರಿಶೀಲಿಸಲು ನೇಮಕವಾದ ಫೇಗನ್ ಆಯೋಗದ ಮುಂದೆ ಮಂಡಿಸಬೇಕಾದ ಸಾಕ್ಷ್ಯವನ್ನು ಸಿದ್ಧಪಡಿಸುವ ಕೆಲಸ ಮಾಡುವಾಗಲೇ, ಕಾನೂನು ಪುಸ್ತಕದಲ್ಲಿರುವ ಒಂದು ಕಲಮು ಒಂದು ಮನೆಯೊಳಗೆ ಹೊಕ್ಕು ಏನು ಮಾಡುತ್ತದೆ ಎಂಬುದು ಅವರಿಗೆ ಅಂಕಿ ಅಂಶಗಳ ಮೂಲಕ ತಿಳಿಯಿತು. 1953ರಲ್ಲಿ ಜೊಹಾನ್ಸ್‌ಬರ್ಗಿನ ಹೌಟನ್ ಕ್ಷೇತ್ರದಿಂದ ಯುನೈಟೆಡ್ ಪಾರ್ಟಿಯ ಸದಸ್ಯೆಯಾಗಿ ಸಂಸತ್ತಿಗೆ ಬಂದರು. ಆ ಪಕ್ಷ ವರ್ಣಭೇದ ನೀತಿಯನ್ನು ಗಟ್ಟಿಯಾಗಿ ಎದುರಿಸುತ್ತಿಲ್ಲ ಎಂದು 1959ರಲ್ಲಿ ಸಂಗಾತಿ ಸದಸ್ಯರೊಡನೆ ಹೊರಬಂದು ಪ್ರೊಗ್ರೆಸಿವ್ ಪಾರ್ಟಿ ಕಟ್ಟಿದರು. 1961ರ ಚುನಾವಣೆಯಲ್ಲಿ ಆ ಹೊಸ ಪಕ್ಷದ ಎಲ್ಲರೂ ಸೋತರು, ಸುಜ್‌ಮನ್ ಒಬ್ಬರನ್ನು ಬಿಟ್ಟು. ಗೆಲುವಿನ ಅಂತರ 564 ಮತ. ಅಲ್ಲಿಂದ 1974ರವರೆಗೆ, ಹದಿಮೂರು ವರ್ಷ, ಬಿಳಿಯರು ಮಾತ್ರ ಕುಳಿತುಕೊಳ್ಳಬಹುದಾಗಿದ್ದ ಆ ಸದನದಲ್ಲಿ ಆಕೆ ತನ್ನ ಪಕ್ಷದ ಏಕೈಕ ಸದಸ್ಯೆಯಾಗಿದ್ದರು.

ಒಬ್ಬರೇ ಇದ್ದರೆ ಏನು ಮಾಡಲು ಸಾಧ್ಯ? ಮತಕ್ಕೆ ಹಾಕಿದರೆ ಸೋಲು ಖಚಿತ. 1963ರಲ್ಲಿ ನ್ಯಾಯಾಂಗ ಸಚಿವ ವೋರ್ಸ್ಟರ್ ಅವರು ಯಾರನ್ನೇ ಆದರೂ ವಿಚಾರಣೆಯಿಲ್ಲದೆ, ವಕೀಲರ ಭೇಟಿಯಿಲ್ಲದೆ 90 ದಿನ ಬಂಧನದಲ್ಲಿಡಬಹುದಾದ ಮಸೂದೆ ತಂದಾಗ, ಅಧಿಕೃತ ವಿರೋಧ ಪಕ್ಷವಾಗಿದ್ದ ಯುನೈಟೆಡ್ ಪಾರ್ಟಿಯೂ ಅದರ ತತ್ತ್ವವನ್ನು ಒಪ್ಪಿಕೊಂಡಿತು. ವಿರುದ್ಧ ನಿಂತದ್ದು ಒಂದೇ ಮತ. ಆ ಕಾನೂನಿನಡಿ ಬಂಧಿತರಾದವರಲ್ಲಿ ಲುಕ್ಸ್‌ಮಾರ್ಟ್ ಎನ್‌ಗುಡ್ಲೆ ಎಂಬವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂಧನದಲ್ಲೇ ಸತ್ತರು. 1967ರ ಭಯೋತ್ಪಾದನಾ ಕಾಯ್ದೆ ಇನ್ನೂ ಮುಂದೆ ಹೋಗಿ ಬಂಧನದ ಅವಧಿಗೆ ಮಿತಿಯನ್ನೇ ತೆಗೆದುಹಾಕಿತು. ಆಗಲೂ ವಿರುದ್ಧ ಬಿದ್ದದ್ದು ಅದೇ ಒಂದು ಮತ.

ಹೀಗಿರುವಾಗ ಆಕೆ ಆರಿಸಿಕೊಂಡ ದಾರಿ ಪ್ರಶ್ನೆಯದು. ಇದನ್ನು ಅರ್ಥಮಾಡಿಕೊಳ್ಳಲು ಅಂದಿನ ಪತ್ರಿಕೆಗಳ ಸ್ಥಿತಿಯನ್ನು ತಿಳಿದಿರಬೇಕು. 1959ರ ಸೆರೆಮನೆ ಕಾಯ್ದೆಯ ಪ್ರಕಾರ ಸೆರೆಮನೆಗಳ ಬಗ್ಗೆ ಬರೆದ ಯಾವುದಾದರೂ ಸಂಗತಿ ಸುಳ್ಳೆಂದು ಸರ್ಕಾರ ಹೇಳಿದರೆ, ಅದರ ಸತ್ಯಾಸತ್ಯತೆಯನ್ನು ಪರಿಶೀಲಿಸಲು ಬೇಕಾದ ಎಚ್ಚರ ವಹಿಸಿದ್ದೆವೆಂದು ರುಜುವಾತುಪಡಿಸುವ ಹೊಣೆ ಪತ್ರಿಕೆಯದೇ ಆಗಿತ್ತು. ನಿರ್ಬಂಧಕ್ಕೊಳಗಾದ ವ್ಯಕ್ತಿಯ ಮಾತನ್ನು ಉದ್ಧರಿಸುವುದೇ ಅಪರಾಧ. ಆದರೆ ಸಂಸತ್ತಿನಲ್ಲಿ ಆಡಿದ ಮಾತಿಗೆ ಸದನದ ವಿಶೇಷ ಹಕ್ಕಿನ ರಕ್ಷಣೆ ಇತ್ತು. ಅದು ನಡಾವಳಿಯಲ್ಲಿ ಅಚ್ಚಾಗುತ್ತಿತ್ತು, ಅಚ್ಚಾದದ್ದನ್ನು ಪತ್ರಿಕೆಗಳು ವರದಿ ಮಾಡಬಹುದಾಗಿತ್ತು. ಎಲ್ಲ ಬಾಗಿಲುಗಳನ್ನು ಮುಚ್ಚಿದ ಆ ಸರ್ಕಾರ, ಸಂಸದೀಯ ಪದ್ಧತಿಯ ಬಗ್ಗೆ ತನಗಿದ್ದ ಹೆಮ್ಮೆಯಿಂದಲೋ ಏನೋ, ಈ ಒಂದು ಕಿಟಕಿಯನ್ನು ಮುಚ್ಚಲಿಲ್ಲ. ಸುಜ್‌ಮನ್ ಮೂವತ್ತಾರು ವರ್ಷ ಆ ಕಿಟಕಿಯ ಬಳಿ ನಿಂತರು.

ಕೇಳಿದ್ದಾದರೂ ಏನನ್ನು? ಪಾಸ್ ಕಾನೂನಿನ ಅಡಿಯಲ್ಲಿ ಕಳೆದ ವರ್ಷ ಎಷ್ಟು ಜನರ ಮೇಲೆ ಮೊಕದ್ದಮೆ ಹೂಡಲಾಯಿತು? ವಿಚಾರಣೆಯಿಲ್ಲದೆ ಬಂಧನದಲ್ಲಿರುವವರೆಷ್ಟು, ಅವರಲ್ಲಿ ಸತ್ತವರೆಷ್ಟು? ಗಲ್ಲಿಗೇರಿದವರೆಷ್ಟು, ಅವರಲ್ಲಿ ಯಾವ ವರ್ಣದವರೆಷ್ಟು? ಎಷ್ಟು ಕುಟುಂಬಗಳನ್ನು ಊರಿನಿಂದ ಎಬ್ಬಿಸಿ ಬೇರೆಡೆ ಹಾಕಲಾಯಿತು? ಈ ಪ್ರಶ್ನೆಗಳಲ್ಲಿ ವಿಶೇಷಣಗಳಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. “ಅಮಾನುಷವಾದ ಈ ಕಾನೂನನ್ನು ಸರ್ಕಾರ ಯಾವಾಗ ಕೈಬಿಡುತ್ತದೆ?” ಎಂದು ಕೇಳಿದ್ದರೆ ಸಚಿವರು ಒಂದು ಭಾಷಣ ಮಾಡಿ ಕುಳಿತುಬಿಡಬಹುದಿತ್ತು. “ಎಷ್ಟು?” ಎಂದು ಕೇಳಿದಾಗ ಕಚೇರಿಯಲ್ಲಿ ಯಾರೋ ಗುಮಾಸ್ತ ಕಡತ ತೆಗೆದು ಲೆಕ್ಕ ಹಾಕಲೇಬೇಕಾಗುತ್ತದೆ, ಸಚಿವರು ಅದಕ್ಕೆ ಹೊಣೆ ಹೊರಲೇಬೇಕಾಗುತ್ತದೆ. ಪಾಸ್ ಕಾನೂನಿನ ಬಗ್ಗೆ ವರ್ಷ ವರ್ಷವೂ ಬಂದ ಉತ್ತರ ಲಕ್ಷಗಳ ಲೆಕ್ಕದಲ್ಲಿತ್ತು. ಪ್ರತಿ ಕರಿಯ ವಯಸ್ಕನೂ ಸದಾ ಒಯ್ಯಬೇಕಾಗಿದ್ದ ‘ಪಾಸ್’ ಎಂಬ ಗುರುತಿನ ಪುಸ್ತಕವನ್ನು ಕೇಳಿದ ಕ್ಷಣದಲ್ಲಿ ತೋರಿಸಲಾಗದ ತಪ್ಪಿಗೆ, ಅಥವಾ ಅನುಮತಿಯಿಲ್ಲದೆ ನಗರದಲ್ಲಿ 72 ಗಂಟೆಗಿಂತ ಹೆಚ್ಚು ಉಳಿದ ತಪ್ಪಿಗೆ, ಲಕ್ಷಗಟ್ಟಲೆ ಜನ ನ್ಯಾಯಾಲಯದ ಕಟಕಟೆ ಹತ್ತುತ್ತಿದ್ದಾರೆ ಎಂಬುದನ್ನು ಲೋಕಕ್ಕೆ ತಿಳಿಸಿದ್ದು ವಿರೋಧಿಗಳ ಕರಪತ್ರವಲ್ಲ. ಸರ್ಕಾರವೇ ಸಹಿ ಹಾಕಿ ತಿಳಿಸಿತು. ಹಾಗಾಗಿ ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಭಾರತ 1946ರಿಂದಲೇ ದಕ್ಷಿಣ ಆಫ್ರಿಕದ ಪ್ರಶ್ನೆಯನ್ನು ವಿಶ್ವಸಂಸ್ಥೆಯಲ್ಲಿ ಎತ್ತುತ್ತ ಬಂದಿತ್ತು. ಅಂಥ ವೇದಿಕೆಗಳಲ್ಲಿ ವಾದ ಮಂಡಿಸುವವರಿಗೆ ಆ ದೇಶದ ಸಂಸತ್ತಿನಲ್ಲೇ ಅಚ್ಚಾದ ಅಂಕಿಗಿಂತ ಬಲವಾದ ಸಾಕ್ಷ್ಯ ಮತ್ತೊಂದು ಬೇಕಿರಲಿಲ್ಲ.

ಹೊರದೇಶಗಳಲ್ಲಿ ದಕ್ಷಿಣ ಆಫ್ರಿಕದ ಮಾನ ಕಳೆಯಲೆಂದೇ ಈ ಪ್ರಶ್ನೆಗಳನ್ನು ಕೇಳುತ್ತೀರಿ ಎಂದು ಒಬ್ಬ ಸಚಿವರು ಕೂಗಾಡಿದರು. ಆಕೆಯ ಉತ್ತರ ಪ್ರಸಿದ್ಧವಾಗಿದೆ: “ದಕ್ಷಿಣ ಆಫ್ರಿಕದ ಮಾನ ಕಳೆಯುತ್ತಿರುವುದು ನನ್ನ ಪ್ರಶ್ನೆಗಳಲ್ಲ, ನಿಮ್ಮ ಉತ್ತರಗಳು.” ಚುರುಕಾದ ಮಾತೆಂದು ನಾವು ಇದನ್ನು ಮೆಚ್ಚಿ ಬಿಟ್ಟುಬಿಡುತ್ತೇವೆ. ಆದರೆ ಇದು ಆಕೆಯ ಇಡೀ ವಿಧಾನದ ವಿವರಣೆಯೂ ಹೌದು.

ಸಚಿವರು ಉತ್ತರಿಸದಿರುವ ಸಂದರ್ಭಗಳೂ ಬಂದವು. 1967ರ ಕಾಯ್ದೆಯಡಿ ಬಂಧಿತರಾದವರ ಸಂಖ್ಯೆ ತಿಳಿಸುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎಂಬ ಉತ್ತರ ಬರುತ್ತಿತ್ತು. ಆಕೆ ಪ್ರಶ್ನೆಯನ್ನು ಬಿಡಲಿಲ್ಲ. ನಿರಾಕರಣೆಯೂ ನಡಾವಳಿಯಲ್ಲಿ ದಾಖಲಾಗುತ್ತದೆ, ತಾನು ಎಷ್ಟು ಜನರನ್ನು ಒಳಗೆ ಹಾಕಿದ್ದೇನೆಂದು ಹೇಳಲು ಒಂದು ಸರ್ಕಾರ ಹಿಂಜರಿದ ದಿನಾಂಕ ಅಲ್ಲಿ ಉಳಿಯುತ್ತದೆ.

ಪ್ರಶ್ನೆ ಕೇಳುವವರು ಸ್ಥಳಕ್ಕೆ ಹೋಗಿ ನೋಡಿರಬೇಕು ಎಂಬ ವಿಷಯದಲ್ಲಿ ಆಕೆ ಬಹಳ ಕಟ್ಟುನಿಟ್ಟು. ಕರಿಯರ ಬಡಾವಣೆಗಳಿಗೆ, ಎಬ್ಬಿಸಿದವರನ್ನು ತಂದು ಹಾಕಿದ ಬಯಲುಗಳಿಗೆ, ಸೆರೆಮನೆಗಳಿಗೆ ಹೋದರು. ಬಡಾವಣೆಗಳಿಗೆ ಹೋಗಿ ನೋಡಿಬನ್ನಿ, ಆದರೆ ಮನುಷ್ಯನ ವೇಷ ಹಾಕಿಕೊಂಡು ಹೋಗಿ ಎಂದು ವೋರ್ಸ್ಟರ್ ಅವರಿಗೆ ಸದನದಲ್ಲೇ ಹೇಳಿದ್ದರಂತೆ. 1967ರಲ್ಲಿ ರಾಬೆನ್ ದ್ವೀಪದ ಸೆರೆಮನೆಗೆ ಹೋಗಲು ಅನುಮತಿ ಸಿಕ್ಕಿತು. ಅಲ್ಲಿನ ಕೈದಿಗಳು, ನಮ್ಮೊಡನೆ ಸಮಯ ಕಳೆಯಬೇಡಿ, ಕೊನೆಯ ಕೋಣೆಯಲ್ಲಿರುವ ಮಂಡೇಲಾ ಅವರನ್ನು ಕಾಣಿ ಎಂದರು. ಸೆರೆಮನೆಯ ಹಿರಿಯ ಅಧಿಕಾರಿಗಳು ಪಕ್ಕದಲ್ಲೇ ನಿಂತಿರುವಾಗ ನೆಲ್ಸನ್ ಮಂಡೇಲಾ ಆಹಾರ, ಬಟ್ಟೆ, ಓದುವ ಸೌಲಭ್ಯಗಳ ಬಗ್ಗೆ ತಮ್ಮ ದೂರುಗಳನ್ನು ಒಂದೊಂದಾಗಿ ಹೇಳಿದರು. ಕೈದಿಗಳಿಗೆ ಹಿಂಸೆ ಕೊಡುತ್ತಿದ್ದ, ಕೈಯ ಮೇಲೆ ನಾಜಿಗಳ ಸ್ವಸ್ತಿಕದ ಹಚ್ಚೆ ಹಾಕಿಸಿಕೊಂಡಿದ್ದ ಒಬ್ಬ ಕಾವಲುಗಾರನ ವಿಷಯವನ್ನೂ ಹೇಳಿದರು. ಸುಜ್‌ಮನ್ ಅದನ್ನು ಸರ್ಕಾರದ ಮುಂದಿಟ್ಟರು, ಸ್ವಲ್ಪ ಕಾಲದಲ್ಲೇ ಆ ಕಾವಲುಗಾರ ದ್ವೀಪದಿಂದ ಹೊರಗೆ ಹೋದ. ಅಲ್ಲಿ ಕೆಲಸ ಮಾಡಿದ್ದು ಆಕೆಯ ಒಂದು ಮತವಲ್ಲ. ಇದು ನಾಳೆ ಸದನದಲ್ಲಿ ಪ್ರಶ್ನೆಯಾಗಿ ಬರಬಹುದು ಎಂಬ ಅಳುಕು.

ಇದಕ್ಕೆ ತೆತ್ತ ಬೆಲೆ ಸಣ್ಣದಾಗಿರಲಿಲ್ಲ. ಮಾಸ್ಕೋಗೆ ಹೋಗು ಎಂಬ ಕೂಗು, ಬೆದರಿಕೆಯ ಪತ್ರಗಳು, ರಾತ್ರಿ ಬರುವ ದೂರವಾಣಿ ಕರೆಗಳು ನಿತ್ಯದ ಪಾಡಾಗಿದ್ದವು. 1966ರ ಸೆಪ್ಟೆಂಬರ್ 6ರಂದು ಪ್ರಧಾನಿ ವರ್ವೋರ್ಡ್ ಸದನದೊಳಗೇ ಕೊಲೆಯಾದಾಗ ರಕ್ಷಣಾ ಸಚಿವ ಪಿ.ಡಬ್ಲ್ಯು. ಬೋಥಾ ಆಕೆಯತ್ತ ಬೆರಳು ತೋರಿಸಿ, ಜನರನ್ನು ಎತ್ತಿಕಟ್ಟುವ ನಿಮ್ಮಂಥ ಉದಾರವಾದಿಗಳಿಂದಲೇ ಇದಾಯಿತು ಎಂದು ಅಬ್ಬರಿಸಿದರು.

ಆಕೆಯ ಹಾದಿಯನ್ನು ಟೀಕಿಸಿದವರು ಇನ್ನೊಂದು ಕಡೆಯೂ ಇದ್ದರು. ಬಹುಸಂಖ್ಯಾತರಿಗೆ ಮತವೇ ಇಲ್ಲದ ಸಂಸತ್ತಿನಲ್ಲಿ ಕುಳಿತು ಪ್ರಶ್ನೆ ಕೇಳುವುದು ಆ ಸಂಸತ್ತಿಗೆ ಮಾನ್ಯತೆ ಕೊಟ್ಟಂತಲ್ಲವೇ ಎಂಬುದು ಅವರ ವಾದ. ಆರ್ಥಿಕ ದಿಗ್ಬಂಧನವನ್ನು ಆಕೆ ವಿರೋಧಿಸಿದಾಗ ಈ ಟೀಕೆ ಇನ್ನಷ್ಟು ಹರಿತವಾಯಿತು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ವರ್ಣಭೇದ ನೀತಿಯನ್ನು ಮುರಿದದ್ದು ಬೀದಿಯಲ್ಲಿ, ಗಣಿಯಲ್ಲಿ, ಸೆರೆಮನೆಯಲ್ಲಿ ಹೋರಾಡಿದ ಜನ. ಆದರೆ ಆ ಹೋರಾಟದಲ್ಲಿ ಬಂಧನಕ್ಕೊಳಗಾದವರ ಮನೆಯವರು, ನಮ್ಮ ಹುಡುಗ ಎಲ್ಲಿದ್ದಾನೆಂದು ಕೇಳಿ ಎಂದು ಪತ್ರ ಬರೆಯುತ್ತಿದ್ದದ್ದು ಆಕೆಗೇ. ತಮ್ಮ ಮತವಿಲ್ಲದೆ ಗೆದ್ದ ಈ ಸದಸ್ಯೆಯನ್ನು ಅವರು ತಮ್ಮ ಪ್ರತಿನಿಧಿ ಎಂದು ಬಗೆದಿದ್ದರು.

ನಮ್ಮ ಕಡೆಗೆ ತಿರುಗಿದರೆ, ಸಂವಿಧಾನದ 194ನೆಯ ವಿಧಿ ನಮ್ಮ ಶಾಸಕರಿಗೆ ಸದನದಲ್ಲಿ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನು ಎದುರಿಸಬೇಕು. ಇಷ್ಟೆಲ್ಲ ಇದ್ದೂ ಪ್ರಶ್ನೋತ್ತರ ಕಲಾಪ ಧರಣಿಯಲ್ಲಿ ಕೊಚ್ಚಿಹೋದ ದಿನ ಆಡಳಿತ ಪಕ್ಷಕ್ಕೆ ನಿರಾಳವಾಗುತ್ತದೆ ಎಂಬುದನ್ನು ಯಾವ ಪಕ್ಷ ವಿರೋಧದಲ್ಲಿದ್ದರೂ ಮರೆಯುತ್ತದೆ. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣ ನೀಡಿ ಸಂಸತ್ತಿನ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಾಗ ಲಿಖಿತ ಉತ್ತರಗಳು ಉಳಿದವು, ಎದ್ದು ನಿಂತು ಉಪಪ್ರಶ್ನೆ ಹಾಕುವ ಅವಕಾಶ ಹೋಯಿತು. ಅದು ನನಗೆ ಈಗಲೂ ನೋವಿನ ಸಂಗತಿ.

ದಕ್ಷಿಣ ಆಫ್ರಿಕದಲ್ಲಿ ಪಾಸ್ ಕಾನೂನು 1986ರಲ್ಲಿ ರದ್ದಾಯಿತು. ಸುಜ್‌ಮನ್ 1989ರಲ್ಲಿ ಸಂಸತ್ತಿನಿಂದ ನಿವೃತ್ತರಾದರು. 1996ರ ಡಿಸೆಂಬರ್ 10ರಂದು, ಪಾಸ್ ಕಾನೂನನ್ನು ಪ್ರತಿಭಟಿಸಿದ 69 ಮಂದಿ 1960ರಲ್ಲಿ ಪೊಲೀಸರ ಗುಂಡಿಗೆ ಬಲಿಯಾಗಿದ್ದ ಶಾರ್ಪ್‌ವಿಲ್‌ನಲ್ಲಿ ಅಧ್ಯಕ್ಷ ಮಂಡೇಲಾ ಹೊಸ ಸಂವಿಧಾನಕ್ಕೆ ಸಹಿ ಹಾಕುವಾಗ ಆಕೆ ಜೊತೆಗಿದ್ದರು. ಆ ಸಂವಿಧಾನದ 32ನೆಯ ಕಲಮು, ಸರ್ಕಾರದ ಬಳಿ ಇರುವ ಯಾವುದೇ ಮಾಹಿತಿಯನ್ನು ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎನ್ನುತ್ತದೆ.