ಅಂಚೆಗೆ ಬಿದ್ದ ಒಪ್ಪಿಗೆ

ಎಲ್ಲರಿಗೂ ನಮಸ್ಕಾರ. ಪ್ರಸ್ತಾವ ಕಳಿಸಿದವರಿಗೆ ಒಪ್ಪಿಗೆ ಮುಟ್ಟಿದಾಗ ಕರಾರು ಹುಟ್ಟುತ್ತದೆ. ಇಂಗ್ಲಿಷ್ ಕಾನೂನಿನ ಸಾಮಾನ್ಯ ನಿಯಮ ಇಷ್ಟೇ. ಅಂಚೆಯಲ್ಲಿ ಮಾತ್ರ, ಒಪ್ಪಿಗೆ ಪತ್ರವನ್ನು ಡಬ್ಬಿಗೆ ಹಾಕಿದ ಗಳಿಗೆಯಲ್ಲೇ ಇಬ್ಬರೂ ಕಟ್ಟುಬೀಳುತ್ತಾರೆ. ಪರೀಕ್ಷೆಯಲ್ಲಿ ಈ ಅಪವಾದವನ್ನು ಬೇಕಾದ್ದಕ್ಕಿಂತ ಹಿಗ್ಗಿಸಿ ಬರೆಯುವವರೇ ಹೆಚ್ಚು.

ಮೂಲ ಮೊಕದ್ದಮೆ ಆಡಮ್ಸ್ ವಿರುದ್ಧ ಲಿಂಡ್ಸೆಲ್, 1818. ಅದರ ತಾರೀಖುಗಳನ್ನು ಬರೆದಿಟ್ಟುಕೊಳ್ಳಿ. 1817ರ ಸೆಪ್ಟೆಂಬರ್ 2ರಂದು ಸೇಂಟ್ ಐವ್ಸ್‌ನ ವ್ಯಾಪಾರಿಗಳು ವೂಸ್ಟರ್‌ಶೈರ್‌ನ ಬ್ರಾಮ್ಸ್‌ಗ್ರೋವ್‌ನಲ್ಲಿದ್ದ ತಯಾರಕರಿಗೆ ಉಣ್ಣೆ ಕೊಡುತ್ತೇವೆಂದು ಬರೆದರು, ಮರುಟಪಾಲಿಗೆ ಉತ್ತರ ಕೇಳಿದರು. ಆದರೆ ವಿಳಾಸದಲ್ಲಿ ಲೆಸ್ಟರ್‌ಶೈರ್ ಎಂದು ಬರೆದುಬಿಟ್ಟರು. ಪತ್ರ ಸುತ್ತಾಡಿ 5ರ ಸಂಜೆ ಮುಟ್ಟಿತು. ತಯಾರಕರು ಅದೇ ಸಂಜೆ ಒಪ್ಪಿಗೆಯನ್ನು ಅಂಚೆಗೆ ಹಾಕಿದರು. ಅದು ತಲುಪಿದ್ದು 9ಕ್ಕೆ. ಅಷ್ಟರಲ್ಲಿ, 8ರಂದು, ಉಣ್ಣೆ ಬೇರೆಯವರ ಪಾಲಾಗಿತ್ತು. ಕರಾರು 5ಕ್ಕೇ ಆಗಿಹೋಗಿದೆ ಎಂದಿತು ನ್ಯಾಯಾಲಯ. ಒಪ್ಪಿಗೆ ಮುಟ್ಟಿತೆಂದು ಮಾರುವವರು ಬರೆಯಬೇಕು, ಆ ಪತ್ರ ಮುಟ್ಟಿತೆಂದು ಕೊಳ್ಳುವವರು ಬರೆಯಬೇಕು ಎಂದು ಹೊರಟರೆ ಅದಕ್ಕೆ ಕೊನೆಯೆಲ್ಲಿ? ವಿಳಾಸ ತಪ್ಪಿದ್ದು ಮಾರುವವರೇ ಎಂಬುದೂ ತೂಕಕ್ಕೆ ಬಂತು.

ಪತ್ರ ತಲುಪಲೇ ಇಲ್ಲವಾದರೆ? ಆಗಲೂ ಕರಾರು ನಿಲ್ಲುತ್ತದೆ ಎಂದಿತು 1879ರ ಗ್ರಾಂಟ್ ಮೊಕದ್ದಮೆ. ಷೇರು ಕೇಳಿದ್ದಕ್ಕೆ ಕಂಪನಿಯ ಒಪ್ಪಿಗೆಯಾದ ಹಂಚಿಕೆ ಪತ್ರ ಕೈಸೇರದ ಮನುಷ್ಯ ಷೇರುದಾರನಾಗಿ ಹಣ ತೆರಬೇಕಾಯಿತು. ನ್ಯಾಯಮೂರ್ತಿ ಬ್ರಾಮ್ವೆಲ್ ಇದಕ್ಕೆ ಭಿನ್ನಮತ ಬರೆದರು. ಓದಿದರೆ ಅವರದೇ ಸರಿ ಅನ್ನಿಸುತ್ತದೆ.

ಪ್ರಸ್ತಾವವನ್ನು ಹಿಂತೆಗೆಯುವ ಪತ್ರಕ್ಕೆ ಈ ಸವಲತ್ತಿಲ್ಲ. 1880ರ ಬರ್ನ್ ಮೊಕದ್ದಮೆಯಲ್ಲಿ ಕಾರ್ಡಿಫ್‌ನಿಂದ 1,000 ಪೆಟ್ಟಿಗೆ ತವರದ ತಗಡಿನ ಪ್ರಸ್ತಾವ ಅಕ್ಟೋಬರ್ 1ಕ್ಕೆ ಹೊರಟಿತು, 8ಕ್ಕೆ ಹಿಂತೆಗೆತ ಹೊರಟಿತು. ನ್ಯೂಯಾರ್ಕ್‌ನವರು 11ಕ್ಕೆ ತಂತಿ ಹೊಡೆದು ಒಪ್ಪಿದರು. ಹಿಂತೆಗೆತ ಅವರಿಗೆ ಸಿಕ್ಕಿದ್ದು 20ಕ್ಕೆ. ತಡವಾಗಿತ್ತು, ಕರಾರು ಉಳಿಯಿತು.

ನಿಯಮ ಕೈಕೊಡುವುದು ಎಲ್ಲೆಲ್ಲಿ ಎಂಬುದು ವಕೀಲಿಕೆಗೆ ಹೆಚ್ಚು ಬೇಕು. ಬಟವಾಡೆಗೆ ಬಂದ ಪೋಸ್ಟ್‌ಮ್ಯಾನ್ ಕೈಗೆ ಪತ್ರ ಕೊಟ್ಟರೆ ಅಂಚೆಗೆ ಹಾಕಿದಂತಲ್ಲ. ಪತ್ರ ಸಂಗ್ರಹಿಸುವ ಅಧಿಕಾರ ಅವನಿಗಿಲ್ಲ. ಟೆಲಿಫೋನಿಗೆ, ಟೈಪಾದ ಸಂದೇಶವನ್ನು ಆ ಕ್ಷಣವೇ ಮುಟ್ಟಿಸುವ ಟೆಲೆಕ್ಸ್‌ಗೆ ಸಾಮಾನ್ಯ ನಿಯಮವೇ, ಕೇಳಿಸಬೇಕು ಅಥವಾ ಮುಟ್ಟಬೇಕು. 1955ರ ಎಂಟೋರ್ಸ್ ತೀರ್ಪು ನೋಡಿ. ಇನ್ನು 1974ರ ಹೋಲ್ವೆಲ್ ಮೊಕದ್ದಮೆಯಲ್ಲಿ, ಆಸ್ತಿ ಮಾರುವ ಮಾಲೀಕನಿಗೆ ಒಪ್ಪಿಗೆಯ ಲಿಖಿತ ನೋಟಿಸ್ ಕೊಡಬೇಕೆಂಬ ಷರತ್ತಿದ್ದುದರಿಂದ, ದಾರಿಯಲ್ಲಿ ಕಳೆದುಹೋದ ಪತ್ರ ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ಕಕ್ಷಿದಾರರ ಪರವಾಗಿ ಪ್ರಸ್ತಾವ ಬರೆಯುವಾಗ ಒಂದು ಸಾಲು ಸೇರಿಸಿ: ‘ನಿಮ್ಮ ಒಪ್ಪಿಗೆ ಇಂಥ ದಿನ ಸಂಜೆ 5ರೊಳಗೆ ನಮ್ಮ ಕೈಸೇರತಕ್ಕದ್ದು.’ ಅಂಚೆಯ ಅಪಾಯವೆಲ್ಲ ಆಗ ಒಪ್ಪುವವರ ತಲೆಗೆ.

ನಮ್ಮ 1872ರ ಕರಾರು ಅಧಿನಿಯಮ ಇದೇ ದಾರಿ ಹಿಡಿದು ಅರ್ಧದಲ್ಲಿ ಹೊರಳುತ್ತದೆ. ಕಲಂ 4ರಂತೆ ಪತ್ರ ರವಾನೆಯಾದೊಡನೆ ಪ್ರಸ್ತಾವ ಮಾಡಿದವರು ಮಾತ್ರ ಕಟ್ಟುಬೀಳುತ್ತಾರೆ. ಒಪ್ಪಿದವರು ಕಟ್ಟುಬೀಳುವುದು ಅದು ಎದುರಿನವರಿಗೆ ತಿಳಿದಾಗ. ಬೆಳಿಗ್ಗೆ ಹುಬ್ಬಳ್ಳಿಯಿಂದ ಸ್ಪೀಡ್‌ಪೋಸ್ಟ್‌ನಲ್ಲಿ ಒಪ್ಪಿಗೆ ಕಳಿಸಿದವರು, ಅದು ಮೈಸೂರು ಮುಟ್ಟುವ ಮೊದಲೇ ಸಂಜೆ ಫೋನ್ ಮಾಡಿ ‘ಬೇಡ’ ಎಂದರೆ, ಕಲಂ 5 ಅವರನ್ನು ಬಿಟ್ಟುಕೊಡುತ್ತದೆ.