ಲೈನ್ ಮನೆಯ ಮಕ್ಕಳಿಗೆ ಯಾವ ಕೆಲಸ?

ಕೇಳುಗರಿಗೆ ನಮಸ್ಕಾರ.

ಯುವಕರು ತೋಟ ಬಿಟ್ಟು ಬೆಂಗಳೂರು ಸೇರುತ್ತಿದ್ದಾರೆ ಎಂಬ ಮಾತು ಕೊಡಗಿನ ಮದುವೆ ಮನೆಗಳಲ್ಲೂ ಸಹಕಾರ ಸಂಘದ ಸಭೆಗಳಲ್ಲೂ ಕೇಳಿಬರುತ್ತದೆ. ಯಾವ ಯುವಕರು? ಮಾಲೀಕರ ಮಕ್ಕಳನ್ನಷ್ಟೇ ಲೆಕ್ಕಕ್ಕೆ ಹಿಡಿದು ಆಡುವ ಮಾತಿದು. ತೋಟದ ಕೂಲಿಕಾರರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ, ಯರವ, ಜೇನುಕುರುಬ ಬುಡಕಟ್ಟಿನವರ ಊರುಗಳಾದ ಹಾಡಿಗಳಲ್ಲಿ ಬೆಳೆದವರೂ ಯುವಕರೇ. ತಾಯಿ ಕಾಫಿ ಕುಯ್ಲಿಗೆ, ತಂದೆ ಏಣಿ ಹೊತ್ತು ಮೆಣಸು ಕೊಯ್ಯಲು ಹೋಗುವುದನ್ನು ಕಂಡವರು. ಅವರ ಕಣ್ಣಿಗೆ ಬಿದ್ದದ್ದು ಕೂಲಿ, ಮೇಸ್ತ್ರಿ, ತೋಟದ ಲೆಕ್ಕ ಬರೆಯುವ ರೈಟರ್, ಅದರಾಚೆಗೆ ಮಾಲೀಕರು. ನಡುವೆ ಇನ್ನೇನಾದರೂ ಇದೆ ಎಂದು ಯಾರೂ ತೋರಿಸಿಲ್ಲ.

ಇದೆ. ಕಾಫಿಯ ರುಚಿ ನೋಡುವುದನ್ನೇ ತೆಗೆದುಕೊಳ್ಳಿ. ಹುರಿದು ಪುಡಿ ಮಾಡಿದ ಬೀಜಕ್ಕೆ ಬಿಸಿನೀರು ಸುರಿದು, ನಾಲ್ಕು ನಿಮಿಷ ಬಿಟ್ಟು, ಮೇಲಿನ ಕೆನೆಯನ್ನು ಚಮಚದಿಂದ ಸರಿಸಿ ಘಮ ನೋಡುತ್ತಾರೆ. ಆಮೇಲೆ ಸೊರ್ರೆಂದು ಹೀರುತ್ತಾರೆ. ಮನೆಯಲ್ಲಿ ಹಾಗೆ ಹೀರಿದರೆ ಅಜ್ಜಿ ಬೈಯುತ್ತಾರೆ. ಇಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ! ಕಾಯಿ ಹಣ್ಣಾಗುವ ಮೊದಲೇ ಕಿತ್ತಿದ್ದರೆ ಲೋಟದಲ್ಲಿ ಒಗರು. ಪಲ್ಪಿಂಗ್ ಆದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಬೀಜ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಕಳಿತಿದ್ದರೆ ಹುಳಿ. ಕಣದಲ್ಲಿ ಸರಿಯಾಗಿ ಒಣಗದಿದ್ದರೆ ಮುಗ್ಗು. ಕಣದಲ್ಲಿ ಅಮ್ಮನ ಜೊತೆ ಕಾಫಿ ತಿರುವಿದ ಹುಡುಗಿಗೆ ಇದರಲ್ಲಿ ಅರ್ಧ ಪಾಠ ಆಗಲೇ ಗೊತ್ತು.

ಕಾಫಿ ಮಂಡಳಿ ಕಾಫಿಯ ಗುಣಮಟ್ಟದ ಬಗ್ಗೆ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಆದರೆ ಅದಕ್ಕೆ ಪದವಿ ಬೇಕು, ಅದೂ ವಿಜ್ಞಾನದ ಕಡೆಯದು. ಪೊನ್ನಂಪೇಟೆಯ ಅರಣ್ಯ ಕಾಲೇಜಿಗೂ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ತೊಗಟೆ ನೋಡಿ ಮರದ ಹೆಸರು ಹೇಳುವ ಹಾಡಿಯ ಹುಡುಗ, ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇದೆ ಎಂದು ಅಲ್ಲಿಗೆ ಸೇರಿದರೆ, ಹದಿನಾರನೆಯ ವಯಸ್ಸಿಗೇ ಆ ದಾರಿ ಮುಗಿಯಿತು. ಎಸ್‌ಎಸ್‌ಎಲ್‌ಸಿ ಆದವರಿಗೆ ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆಸುತ್ತವೆ. ಹತ್ತನೆಯ ತರಗತಿಯ ಮೇಷ್ಟರುಗಳೇ, ಇದನ್ನು ದಯವಿಟ್ಟು ತರಗತಿಯಲ್ಲಿ ಹೇಳಿ.

ಓದು ಅಲ್ಲಿಗೇ ನಿಂತವರಿಗೆ ನರ್ಸರಿ, ಕಸಿ ಕಟ್ಟುವುದು, ಜೇನು ಸಾಕಣೆ ಇವೆ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಚೆಟ್ಟಳ್ಳಿಯಲ್ಲಿ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ, ಏಲಕ್ಕಿ ಮತ್ತು ಮೆಣಸಿಗೆ ಅಪ್ಪಂಗಳದ ಸಂಶೋಧನಾ ಕೇಂದ್ರವಿದೆ. ಆದರೆ ತರಬೇತಿಗೆ ಹೋದ ದಿನ ಕೂಲಿ ಹೋಗುತ್ತದೆ. ಈ ಸಣ್ಣ ಸಂಗತಿ ಎಷ್ಟು ಜನರನ್ನು ಮನೆಯಲ್ಲೇ ಕೂರಿಸಿದೆಯೋ.

ಕೊಡಗಿನ ಅಡುಗೆಗೆ ಬಳಸುವ ಹುಳಿರಸ ಕಾಚಂಪುಳಿಯನ್ನೋ ಜೇನನ್ನೋ ಬಾಟಲಿಗೆ ತುಂಬಿ ಮಾರಬೇಕೆಂದವರಿಗೆ, 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿದೆ. ಅದು ಸಾಲದ ಜೊತೆಗೇ ಬರುವ ಹಣ. ಸಾಲವೆಂದರೆ ಬ್ಯಾಂಕು ಕಾಗದಪತ್ರ ಕೇಳುತ್ತದೆ. ಲೈನ್ ಮನೆಯಲ್ಲಿರುವವರಿಗೆ ವಿಳಾಸವೂ ಮಾಲೀಕರದೇ. ಒಬ್ಬರಿಂದ ಆಗದ್ದು ಸ್ವಸಹಾಯ ಸಂಘದ ಹೆಸರಿನಲ್ಲಿ ಆಗಬಹುದು, ವಿಚಾರಿಸಿ ನೋಡಿ.

ತೋಟದ ಮಾಲೀಕರಲ್ಲಿ ಒಂದು ಮಾತು. ಕುಯ್ಲಿಗೆ ಆಳು ಸಿಗುವುದಿಲ್ಲವೆಂದು ಅಸ್ಸಾಮಿನವರೆಗೂ ಹುಡುಕುತ್ತೀರಿ. ನಿಮ್ಮ ಲೈನಿನಲ್ಲೇ ಓದಿದ ಹುಡುಗಿಯೊಬ್ಬಳಿದ್ದರೆ, ಮುಂದಿನ ಬಾರಿ ರೈಟರ್ ಕೆಲಸ ಖಾಲಿಯಾದಾಗ ಅವಳನ್ನು ಕೇಳಿ. ತರಬೇತಿಗೆ ಹೋದ ದಿನದ ಕೂಲಿಯನ್ನು ಹಿಡಿಯಬೇಡಿ. ನಮಸ್ಕಾರ.