ಶೇಡ್ ಕಾರ್ಡ್ ಹಿಡಿದು ಅಂಗಳಕ್ಕೆ ಇಳಿಯಿರಿ

ಎಲ್ಲರಿಗೂ ನಮಸ್ಕಾರ. ದೀಪಾವಳಿ ಹತ್ತಿರ ಬಂತು. ಮಳೆ ಹೋಯಿತು, ಗೋಡೆ ಒಣಗಿತು, ಶಿರಸಿಯ ಪೇಂಟ್ ಅಂಗಡಿಗಳಲ್ಲಿ ಈಗ ಕಾಲಿಡೋಕೂ ಜಾಗ ಇಲ್ಲ. ನನ್ನ ಮಾತಿಗೂ ಇದೇ ಸರಿಯಾದ ಹೊತ್ತು. ಯಾಕಂದ್ರೆ ನೀವೆಲ್ಲ ಬಣ್ಣ ಆರಿಸೋಕೆ ಅಂತ ಶೇಡ್ ಕಾರ್ಡ್, ಅಂದ್ರೆ ಪೇಂಟಿನ ಬಣ್ಣಗಳ ಮಾದರಿ ಇರುವ ಕಾರ್ಡ್, ಮನೆಗೆ ತರುತ್ತೀರಿ, ಜಗಲಿಯಲ್ಲಿ ಕೂತು ಮನೆ ಮಂದಿಯೆಲ್ಲ ಅದರ ಮೇಲೆ ಜಗಳ ಆಡುತ್ತೀರಿ, ಕೆಲಸ ಮುಗಿದ ಮೇಲೆ ಅದು ಸೀದಾ ಬಚ್ಚಲ ಒಲೆಗೆ ಹೋಗುತ್ತದೆ. ದಯವಿಟ್ಟು ಒಲೆಗೆ ಹಾಕಬೇಡಿ. ಅದರಲ್ಲಿ ಶುಭಾಶಯ ಪತ್ರ ಮಾಡಿ, ಬೇಕಾದವರಿಗೆ ಅಂಚೆಯಲ್ಲಿ ಕಳಿಸಿ.

ಮೊದಲು ಒಂದು ವಿಷಯ ತಿಳಿಸಿಬಿಡುತ್ತೇನೆ. ಹೊರದೇಶದ ದೊಡ್ಡ ಅಂಗಡಿಗಳಲ್ಲಿ ಒಂದೊಂದು ಬಣ್ಣದ ಚೀಟಿಯನ್ನೂ ಬಿಡಿಬಿಡಿಯಾಗಿ ಸಾಲಾಗಿ ಇಟ್ಟಿರುತ್ತಾರೆ, ಪುಕ್ಕಟೆ ತಗೊಳ್ಳಬಹುದು. ನಮ್ಮಲ್ಲಿ ಪುಕ್ಕಟೆ ಸಿಗೋದು ಮಡಿಸಿದ ಶೇಡ್ ಕಾರ್ಡ್. ಅಂಗಡಿಯಲ್ಲಿ ಬೀಸಣಿಗೆ ಹಾಗೆ ಬಿಚ್ಚಿಕೊಳ್ಳುವ ದಪ್ಪ ಪುಸ್ತಕ ಇರುತ್ತದಲ್ಲ, ಸಾವಿರಕ್ಕೂ ಜಾಸ್ತಿ ಬಣ್ಣ ಇರುವಂಥದ್ದು, ಅದು ಗಿರಾಕಿಗಳಿಗೆ ತೋರಿಸೋಕೆ ಇಟ್ಟದ್ದು. ಅದಕ್ಕೆ ಕೈ ಹಾಕಬೇಡಿ. ಹೊಸದು ಬಂದಾಗ ಹಳೆಯದನ್ನು ನನಗೆ ಕೊಡಿ ಅಂತ ಬಾಯಿಬಿಟ್ಟು ಕೇಳಿ. ನಮ್ಮ ಪೇಟೆಯ ಅಂಗಡಿಯವರೊಬ್ಬರು ಈಗ ತಾವೇ ಫೋನ್ ಮಾಡುತ್ತಾರೆ, "ಅಕ್ಕೋರೆ, ಹಳೇ ಪುಸ್ತಕ ತೆಗೆದಿಟ್ಟಿದ್ದೇನೆ, ಮಕ್ಕಳಿಗೆ ತಗೊಂಡು ಹೋಗಿ" ಅಂತ.

ಬಣ್ಣದ ಕಾಗದ ಅಂಗಡಿಯಲ್ಲೂ ಸಿಗುತ್ತದೆ, ಇದೇ ಯಾಕೆ ಅಂತ ಕೇಳುತ್ತೀರಿ. ಬಣ್ಣದ ಕಾಗದದ ಕಟ್ಟಿನಲ್ಲಿ ಹಸಿರು ಅಂದ್ರೆ ಒಂದೋ ಎರಡೋ. ಶೇಡ್ ಕಾರ್ಡಿನಲ್ಲಿ ಹಸಿರಿಗೆ ಲೆಕ್ಕವೇ ಇಲ್ಲ. ಅದನ್ನು ಹಿಡಿದು ಅಂಗಳಕ್ಕೆ ಇಳಿಯಿರಿ. ವೀಳ್ಯದೆಲೆಗೆ ತಾಗಿಸಿ ಹಿಡಿದು ನೋಡಿ. ಪಕ್ಕದ ಹಲಸಿನ ಎಲೆಗೆ ಹಿಡಿಯಿರಿ. ಅದೇ ಹಸಿರು ಹೊಂದುವುದೇ ಇಲ್ಲ. ಎಲೆ ಹಸಿರು, ಆಕಾಶ ನೀಲಿ ಅಂತ ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ, ಕಣ್ಣಿಟ್ಟು ನೋಡಿದ್ದು ಕಡಿಮೆ. ಹಿಡಿದು ನೋಡಿ, ಆಮೇಲೆ ಕತ್ತರಿಸಿ. ಇವತ್ತು ನಾನು ಎಷ್ಟು ಸಲ ಈ ಮಾತು ಹೇಳಿದರೂ ಬೇಜಾರು ಮಾಡಿಕೊಳ್ಳಬೇಡಿ.

ಕಾರವಾರದಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ ನಡೆದದ್ದು ಹೇಳುತ್ತೇನೆ, ಇದನ್ನು ಹೇಳದೆ ನನ್ನ ಯಾವ ಭಾಷಣವೂ ಮುಗಿಯುವುದಿಲ್ಲ. ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ. ಸಮುದ್ರದ ಕಾರ್ಡ್ ಮಾಡಿ ಅಂದೆ. ಮಕ್ಕಳೆಲ್ಲ ನೀಲಿ ಚೂರುಗಳಿಗೆ ಮುಗಿಬಿದ್ದರು, ನೀಲಿ ಖಾಲಿಯೇ ಆಯಿತು. ಕೋಡಿಬಾಗದ ಒಬ್ಬ ಹುಡುಗಿ ಮಾತ್ರ ಯಾರಿಗೂ ಬೇಡವಾದ ಮಣ್ಣುಬಣ್ಣದ ಪಟ್ಟಿ ಎತ್ತಿಕೊಂಡಳು. ಚಹಾಕ್ಕೆ ಹಾಲು ಜಾಸ್ತಿ ಹಾಕಿದ ಹಾಗಿನ ಬಣ್ಣ. ಪಕ್ಕದವರು ನಕ್ಕರು, "ಇದೆಂತ ಸಮುದ್ರ?" ಅಂತ. ಅವಳು ತಲೆ ಎತ್ತದೆ ಹೇಳಿದಳು, "ಈಗ ಕಾಳಿ ನೀರು ಹೀಗೇ ಇರುವುದು." ನಿಜ ಅಲ್ವಾ! ಮಳೆಗಾಲದಲ್ಲಿ ಕಾಳಿ ನದಿ ಘಟ್ಟದ ಮಣ್ಣನ್ನೆಲ್ಲ ಹೊತ್ತು ತಂದು ಅಲ್ಲಿ ಸಮುದ್ರಕ್ಕೆ ಸುರಿಯುತ್ತದೆ. ದಡದಿಂದ ಬಲು ದೂರದವರೆಗೂ ನೀರು ಕೆಂಪು ಕೆಂಪು. ಅವಳು ಆ ಪಟ್ಟಿಯ ಗಾಢ ಬಣ್ಣವನ್ನು ಕೆಳಗೆ, ತೆಳುವನ್ನು ಮೇಲೆ ಅಂಟಿಸಿದಳು. ಆಚೆ ದಡಕ್ಕೆ ಸದಾಶಿವಗಡದ ಗುಡ್ಡ, ಕಪ್ಪುಹಸಿರು. ಆಕಾಶಕ್ಕೆ ಬೂದಿ ಬಣ್ಣ. ದೋಣಿಯನ್ನು ಮಾತ್ರ ನೀರಿಗೆ ಬಿಡಲಿಲ್ಲ, ಮರಳಿನ ಮೇಲೆ ಮಗುಚಿ ಹಾಕಿದಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದೆ, ಮಳೆಗಾಲದ ಆ ಕಡಲಿಗೆ ಸಣ್ಣ ದೋಣಿಯವರೂ ಇಳಿಯುವುದು ಕಡಿಮೆ. ಅದು ಮೀನುಗಾರರ ಮನೆಯ ಮಗುವಿಗೆ ಗೊತ್ತಿರದೆ ಇರುತ್ತದಾ?

ಕಾರ್ಡ್ ಹೋದದ್ದು ಗೋವಾದ ವಾಸ್ಕೋದಲ್ಲಿ ಕೆಲಸಕ್ಕಿದ್ದ ಅವಳ ದೊಡ್ಡಪ್ಪನಿಗೆ. ಆಮೇಲೆ ಅವಳ ಅಮ್ಮ ಶಾಲೆಗೆ ಬಂದು ಹೇಳಿದರು, "ಅಕ್ಕೋರೆ, ಭಾವ ಅದನ್ನು ರೂಮಿನ ಗೋಡೆಗೆ ಹಚ್ಚಿದ್ದಾರಂತೆ. ಬಂದವರಿಗೆಲ್ಲ ಇದು ನಮ್ಮೂರಿನ ಮಳೆಗಾಲದ ನೀರು ಅಂತ ತೋರಿಸುತ್ತಾರಂತೆ." ಅಂಗಡಿಯಲ್ಲಿ ಕೊಂಡ ಯಾವ ಕಾರ್ಡಿನಲ್ಲಿ ಕೋಡಿಬಾಗದ ಜುಲೈ ನೀರು ಸಿಗುತ್ತದೆ ಹೇಳಿ.

ನಮ್ಮ ಘಟ್ಟದ ಮೇಲಿನವರು ಅಡಿಕೆ ಕೊನೆಯ, ಅಂದ್ರೆ ಗೊಂಚಲಿನ, ಕಾರ್ಡ್ ಮಾಡಿ. ಗಾಢ ಹಸಿರು, ತಿಳಿಹಸಿರು, ಹಳದಿ, ಕೇಸರಿ, ಚಾಲಿಗೆ (ಬಿಸಿಲಲ್ಲಿ ಒಣಗಿಸೋಕೆ) ಬಿಟ್ಟ ಹಣ್ಣಡಿಕೆಯ ಕೆಂಪು. ಕಾಗದ ತೂತು ಮಾಡುವ ಪಂಚಿಂಗ್ ಮಶೀನಿನಿಂದ ಗುಂಡು ಚೂರು ತೆಗೆದರೆ ಅಡಿಕೆ ತಯಾರು. ತೋಟಕ್ಕೆ ಹೋಗಿ ಹಿಡಿದು ನೋಡುವುದು ಮಾತ್ರ ತಪ್ಪಿಸಬೇಡಿ.

ಇನ್ನೊಂದು, ನನಗೆ ಬಹಳ ಪ್ರೀತಿಯದು. ಮಾರಿಕಾಂಬೆ ಗುಡಿಯ ಗೋಡೆಯ ಕಾವಿ ಚಿತ್ರ ನೀವೆಲ್ಲ ನೋಡಿದವರೇ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳಿ ತೆಗೆಯುತ್ತಾರೆ. ಒಳ್ಳೆಯ ಶೇಡ್ ಕಾರ್ಡನ್ನು ಸಾಮಾನ್ಯವಾಗಿ ಪುಸ್ತಕದ ಚಿತ್ರದ ಹಾಗೆ ಅಚ್ಚು ಹಾಕಿರುವುದಿಲ್ಲ, ಬಿಳಿ ಕಾಗದದ ಮೇಲೆ ಬಣ್ಣದ ಪದರವನ್ನೇ ಬಳಿದಿರುತ್ತಾರೆ. ಹಾಗಾಗಿ ಕೆಮ್ಮಣ್ಣಿನ ಬಣ್ಣದ ಚೂರು ತಗೊಂಡು ಕಂಪಾಸಿನ ಮುಳ್ಳಿನಿಂದ ಹಗೂರಕ್ಕೆ ಗೀರಿ ನೋಡಿ. ಬಿಳಿ ಗೆರೆ ಏಳುತ್ತದೆ. ಒಂದು ಬಳ್ಳಿ, ಎರಡು ಗಿಳಿ ಗೀರಿದರೆ ಸಾಕು, ಪುಟ್ಟ ಕಾವಿ ಗೋಡೆ ನಿಮ್ಮ ಅಂಗೈಯಲ್ಲಿ. ಯಾವ ಚೂರು ಗುಡಿಯ ಕೆಂಪಿಗೆ ಹೊಂದುತ್ತದೆ ಅಂತ ನೋಡೋಕೆ ದೇವಸ್ಥಾನಕ್ಕೇ ಹೋಗಿ. ಗೋಡೆಗೆ ತಾಗಿಸಬೇಡಿ, ಸ್ವಲ್ಪ ದೂರದಿಂದ ಹಿಡಿದು ನೋಡಿ.

ಕಾರ್ಯಕ್ರಮದವರು ಗಡಿಯಾರ ನೋಡುತ್ತಿದ್ದಾರೆ, ಬೇಗ ಬೇಗ ಹೇಳುತ್ತೇನೆ. ಶೇಡ್ ಕಾರ್ಡನ್ನೇ ಮಡಿಸಬೇಡಿ, ಬಣ್ಣದ ಪದರ ಸೀಳುತ್ತದೆ. ದಪ್ಪ ಬಿಳಿ ಹಾಳೆ ಮಡಿಸಿ, ಚೂರುಗಳನ್ನು ಅದರ ಮೇಲೆ ಅಂಟಿಸಿ. ಮಡಿಸುವ ಮೊದಲು ಸ್ಕೇಲ್ ಇಟ್ಟು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒಂದು ಗೆರೆ ಒತ್ತಿ. ಫೆವಿಕಾಲ್ ತೆಳ್ಳಗೆ ಹಚ್ಚಿ, ಜಾಸ್ತಿಯಾದರೆ ಕಾಗದ ಸುರುಳಿ ಸುತ್ತುತ್ತದೆ. ದಪ್ಪ ಪುಸ್ತಕದ ಕೆಳಗೆ ರಾತ್ರಿಯಿಡೀ ಇಡಿ. ಮಳೆಗಾಲದಲ್ಲಾದರೆ ಅದೂ ಸಾಲದು, ಎರಡು ಬದಿ ಅಂಟುವ ಟೇಪೇ ಒಳ್ಳೆಯದು.

ಅಂಚೆಗೆ 20 ಗ್ರಾಂವರೆಗೆ 5 ರೂಪಾಯಿ ಸ್ಟ್ಯಾಂಪು. 240 ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ 240 ಗ್ರಾಂ ತೂಗುವ, ದಪ್ಪದ ಎ4 ಹಾಳೆ 15 ಗ್ರಾಂ ತೂಗುತ್ತದೆ, ಅರ್ಧ ಹಾಳೆಯ ಕಾರ್ಡ್ ಏಳೂವರೆ. ಲಕೋಟೆ, ಚೂರು ಎಲ್ಲ ಸೇರಿದರೂ ಆರಾಮಾಗಿ ಸಾಲುತ್ತದೆ. ಮಣಿ, ಗುಂಡಿ ಅಂಟಿಸಬೇಡಿ, ದಾರಿಯಲ್ಲಿ ಲಕೋಟೆ ಹರಿಯುತ್ತದೆ. ಪಿನ್ ಕೋಡ್ ಬರೆಯಿರಿ. ಒಳಗೆ ಬರೀ "ಶುಭಾಶಯಗಳು" ಅಂತ ಬರೆದು ಮುಗಿಸಬೇಡಿ, ಈ ಬಣ್ಣ ಎಲ್ಲಿ ಸಿಕ್ಕಿತು ಅಂತ ಎರಡು ಸಾಲು ಸೇರಿಸಿ.

ಲಕೋಟೆಯನ್ನೂ ಮನೆಯಲ್ಲೇ ಮಾಡುವುದು ಹೇಗೆ ಅಂತ ಹೇಳಬೇಕಿತ್ತು, ಹೊತ್ತಾಯಿತು, ಅದನ್ನು ಮಾಡಿಯೇ ತೋರಿಸುತ್ತೇನೆ. ಹಿಂದಿನ ಮೇಜಿನ ಮೇಲೆ ಹಳೇ ಶೇಡ್ ಪುಸ್ತಕಗಳಿವೆ, ಕತ್ತರಿ ಇದೆ. ಅಂಗಳದಲ್ಲಿ ದಾಸವಾಳ ಇದೆ, ಗೋಡೆ ಮೇಲೆ ಪಾಚಿ ಇದೆ. ಸಣ್ಣ ಮಕ್ಕಳು ಮೊದಲು ಬನ್ನಿ, ತಲಾ ಒಂದು ಪಟ್ಟಿ ತಗೊಂಡು ಹೊರಗೆ ಹೋಗಿ.